ಕುರ್ಚಿಗಿಂತ ಮೊದಲು ಕ್ಯಾಲೆಂಡರ್ ನೋಡಿ

ಈ ಸಲ ಬಂದ ಪತ್ರಗಳನ್ನು ಮೇಜಿನ ಮೇಲೆ ಎರಡು ಗುಡ್ಡೆ ಮಾಡಿಕೊಂಡೆ. ಒಂದು ಗುಡ್ಡೆ ಮನೆಯಿಂದ ಕೆಲಸ ಮಾಡುವವರದ್ದು. ಇನ್ನೊಂದು ಅವರಿಂದ ಕೆಲಸ ತೆಗೆಸುವವರದ್ದು: ಮ್ಯಾನೇಜರ್‌ಗಳು, ಎಚ್‌ಆರ್‌ನವರು, ಒಬ್ಬಿಬ್ಬರು ಮಾಲೀಕರು. ಎರಡರಲ್ಲೂ ಇರುವ ದೂರು ಹೆಚ್ಚುಕಡಿಮೆ ಒಂದೇ: ಮನೆಯಿಂದ ಕೆಲಸದಲ್ಲಿ ಮೈಗೂ ಮನಸ್ಸಿಗೂ ನೆಮ್ಮದಿ ಇಲ್ಲ. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ.

ಹೊಸ ಓದುಗರಿಗೆ ನನ್ನ ಪರಿಚಯ: ನಾನು ಫಿಸಿಯೋಥೆರಪಿಸ್ಟ್. ಹದಿನಾರು ವರ್ಷ ಒಂದು ಕಂಪನಿಯ ಆರೋಗ್ಯ ವಿಭಾಗದಲ್ಲಿದ್ದೆ. ಕುತ್ತಿಗೆ, ಸೊಂಟ ನೋಡಲು ಸೇರಿದವಳು ಕೊನೆಕೊನೆಗೆ ಜಾಸ್ತಿ ನೋಡಿದ್ದು ಜನರ ವೇಳಾಪಟ್ಟಿಯನ್ನು.

ಪ್ರಶ್ನೆ: ನಮ್ಮಲ್ಲಿ 140 ಜನ ಮನೆಯಿಂದ ಕೆಲಸ ಮಾಡುತ್ತಾರೆ. ಪ್ರತಿ ಶುಕ್ರವಾರ ಸಂಜೆ ಆನ್‌ಲೈನ್ ವ್ಯಾಯಾಮದ ತರಗತಿ ಇಟ್ಟೆವು. ಮೊದಲ ವಾರ 60 ಜನ ಬಂದರು, ಈಗ ಏಳು ಜನ. ಧ್ಯಾನದ ಆ್ಯಪ್‌ಗೆ ಎಲ್ಲರಿಗೂ ಚಂದಾ ಕಟ್ಟಿದೆವು, ತೆರೆದು ನೋಡಿದವರೇ ಕಡಿಮೆ. ಜನರಿಗೆ ತಮ್ಮ ಆರೋಗ್ಯದ ಬಗ್ಗೆಯೇ ಆಸಕ್ತಿ ಇಲ್ಲ ಅನ್ನಿಸುತ್ತದೆ. ಏನು ಮಾಡುವುದು?
(ಎಚ್‌ಆರ್ ವಿಭಾಗದವರು)

ಉತ್ತರ: ಆಸಕ್ತಿ ಇದೆ. ಹೊತ್ತಿಲ್ಲ.

ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ, ಯಾಕೆಂದರೆ ನಿಮ್ಮ ತಪ್ಪನ್ನು ನಾನೂ ಮಾಡಿದ್ದೇನೆ. ಎಲ್ಲರೂ ಆಫೀಸು ಬಿಟ್ಟು ಮನೆ ಸೇರಿದ 2020ರಲ್ಲಿ, ಕೆಲಸದ ನಡುವೆ ವಿರಾಮ ಯಾಕೆ ಬೇಕು ಅನ್ನುವುದರ ಮೇಲೆ ಒಂದು ಆನ್‌ಲೈನ್ ಉಪನ್ಯಾಸ ಏರ್ಪಡಿಸಿದೆ. ನಲವತ್ತು ಸ್ಲೈಡ್ ಮಾಡಿದ್ದೆ. ಬೆನ್ನುಮೂಳೆಯ ಚಿತ್ರ, ಕಣ್ಣಿನ ಚಿತ್ರ ಎಲ್ಲ ಇತ್ತು. ಎಲ್ಲರಿಗೂ ಬಿಡುವಿರುವ ಹೊತ್ತು ಯಾವುದು ಅಂತ ಕ್ಯಾಲೆಂಡರ್ ಹುಡುಕಿದರೆ ಸಿಕ್ಕಿದ್ದು ಒಂದೇ: ಮಧ್ಯಾಹ್ನ ಒಂದರಿಂದ ಎರಡು. ಸರಿ, ಅದಕ್ಕೇ ಇಟ್ಟೆ. ಶುರುವಾಗಿ ಇಪ್ಪತ್ತು ನಿಮಿಷ ಆಗಿರಬೇಕು, ಚಾಟ್‌ನಲ್ಲಿ ಒಬ್ಬರು ಬರೆದರು: "ಮೇಡಂ, ನಮಗಿದ್ದ ವಿರಾಮ ಇದೊಂದೇ ಆಗಿತ್ತು." ಅದರ ಕೆಳಗೆ ಸಾಲಾಗಿ ಹೆಬ್ಬೆರಳುಗಳು ಬಿದ್ದವು. ನಾನು ಸುಮ್ನೆ ಮುಂದಿನ ಸ್ಲೈಡ್‌ಗೆ ಹೋದೆ. ಬೇರೇನು ಮಾಡಬೇಕು ಅಂತ ಆಗ ತೋಚಲಿಲ್ಲ.

ಆ ಸಂಜೆ ಕೂತು, ಒಪ್ಪಿಗೆ ಕೊಟ್ಟ ಹತ್ತು ಜನರ ಕ್ಯಾಲೆಂಡರ್ ನೋಡಿದೆ. ಮೀಟಿಂಗ್ ಯಾವುದರ ಬಗ್ಗೆ ಅಂತ ನೋಡಲಿಲ್ಲ, ಬಣ್ಣದ ಚೌಕಗಳನ್ನು ಮಾತ್ರ. ಒಬ್ಬರಿಗೆ ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಒಂದರವರೆಗೆ ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡಿತ್ತು. ಆಫೀಸಿನಲ್ಲೂ ಇಷ್ಟೇ ಮೀಟಿಂಗ್ ಇದ್ದವಲ್ಲ ಅನ್ನಬಹುದು. ಇದ್ದವು. ಆದರೆ ಅಲ್ಲಿ ಒಂದು ಕೋಣೆಯಿಂದ ಎದ್ದು ಇನ್ನೊಂದು ಕೋಣೆಗೆ ನಡೆಯಬೇಕಿತ್ತು. ದಾರಿಯಲ್ಲಿ ನೀರು, ಶೌಚಾಲಯ, ಯಾರೋ ಒಬ್ಬರ ಜೊತೆ ಎರಡು ಮಾತು. ಆ ಎರಡು ನಿಮಿಷಗಳನ್ನು ಯಾರೂ ವಿರಾಮ ಅಂತ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮನೆಗೆ ಬಂದಾಗ ಅವು ಹೋದವು. ಹೋದದ್ದು ಯಾರಿಗೂ ಗೊತ್ತಾಗಲೂ ಇಲ್ಲ.

ನೀವು ಮೊದಲು ಮಾಡಬೇಕಾದದ್ದು ಈ ಲೆಕ್ಕ. ಆಮೇಲೆ ಮೀಟಿಂಗ್‌ಗಳನ್ನು 60 ನಿಮಿಷದಿಂದ 50ಕ್ಕೆ, 30ರಿಂದ 25ಕ್ಕೆ ಇಳಿಸಿ. ಕ್ಯಾಲೆಂಡರ್‌ನ ಸೆಟ್ಟಿಂಗ್‌ನಲ್ಲೇ ಇದಕ್ಕೆ ಅವಕಾಶ ಇರುತ್ತದೆ. ಒಂದು ಕಿವಿಮಾತು: ಬೇಗ ಮುಗಿಸುವ ನಿಯಮ ಮಾಡಬೇಡಿ, ತಡವಾಗಿ ಶುರು ಮಾಡುವ ನಿಯಮ ಮಾಡಿ. ಬೇಗ ಮುಗಿದ ಮೀಟಿಂಗ್ ಅನ್ನು ನಾನಂತೂ ಕಂಡಿಲ್ಲ. ಹತ್ತು ಗಂಟೆಯದ್ದು ಹತ್ತೂ ಐದಕ್ಕೆ ಶುರುವಾಗಲಿ. ಊಟದ ಹೊತ್ತಿಗೆ ಬೀಗ ಹಾಕಿ. ಆಮೇಲೆ ನಿಮ್ಮ ಶುಕ್ರವಾರದ ತರಗತಿ. ಅದನ್ನು ಸಂಜೆಯಿಂದ ತೆಗೆದು ಕೆಲಸದ ಹೊತ್ತಿನ ಒಳಗೆ ತನ್ನಿ, ಹದಿನೈದು ನಿಮಿಷ ಸಾಕು. ಶುಕ್ರವಾರ ಸಂಜೆ ಆರಕ್ಕೆ ಲ್ಯಾಪ್‌ಟಾಪ್ ಮುಚ್ಚುವುದೇ ಒಳ್ಳೆಯ ವ್ಯಾಯಾಮ ಅಲ್ವಾ?

ಇದು ನನ್ನೊಬ್ಬಳ ಹಟ ಅಲ್ಲ. ಕೆಲಸ ಮತ್ತು ಮಾನಸಿಕ ಆರೋಗ್ಯದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಉದ್ಯೋಗಿಗೆ ಒತ್ತಡ ತಡೆದುಕೊಳ್ಳುವುದನ್ನು ಕಲಿಸಿದರೆ ಮುಗಿಯಿತು ಅಂತ ಅದು ಹೇಳುವುದಿಲ್ಲ. ಕೆಲಸದ ಭಾರ, ಕೆಲಸದ ಹೊತ್ತು ಇವನ್ನೇ ಸರಿಮಾಡುವುದನ್ನೂ, ಮ್ಯಾನೇಜರ್‌ಗಳಿಗೆ ತರಬೇತಿ ಕೊಡುವುದನ್ನೂ ಸೇರಿಸಿದೆ. ಅದರ ಹಿಂದಿನ ವರ್ಷ ಇದೇ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಒಂದು ಲೆಕ್ಕ ಕೊಟ್ಟಿದ್ದವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ಮನೆಯಿಂದ ಕೆಲಸ ಮಾಡುವವರ ಗಂಟೆಗಳನ್ನು ಯಾರು ಎಣಿಸುತ್ತಿದ್ದಾರೆ? ಮೊದಲು ಪ್ರಯಾಣಕ್ಕೆ ಹೋಗುತ್ತಿದ್ದ ಹೊತ್ತೆಲ್ಲ ಈಗ ಎಲ್ಲಿಗೆ ಹೋಗುತ್ತಿದೆ ಅಂತ ನಿಮ್ಮ 140 ಜನರನ್ನು ಒಂದು ಸಲ ಕೇಳಿ ನೋಡಿ.

ಪ್ರಶ್ನೆ: ಮೂರು ತಿಂಗಳಿಂದ ಕುತ್ತಿಗೆ ನೋವು. ಬಲಗೈ ಬೆರಳು ಜೋಮು ಹಿಡಿಯುತ್ತದೆ. ಕಂಪನಿಯವರು ದುಬಾರಿ ಕುರ್ಚಿ ಕೊಡಿಸಿದ್ದಾರೆ. ಆದರೂ ಕಡಿಮೆ ಆಗಿಲ್ಲ. ನೀವು ಹಿಂದೆ ಬರೆದಂತೆ ಪಕ್ಕದಿಂದ ತೆಗೆದ ಫೋಟೋ ಕಳಿಸಿದ್ದೇನೆ.
(ಡೇಟಾ ಎಂಟ್ರಿ ಕೆಲಸ ಮಾಡುವವರು)

ಉತ್ತರ: ಫೋಟೋ ಕಳಿಸಿದ್ದು ಒಳ್ಳೆಯದಾಯಿತು. ಬರೀ ಪತ್ರ ಓದಿದ್ದರೆ ಕುರ್ಚಿ ಸರಿಯಿದೆಯಲ್ಲ ಅಂದುಬಿಡುತ್ತಿದ್ದೆ. ಕುರ್ಚಿ ಸರಿಯಾಗಿಯೇ ಇದೆ. ಆದರೆ ನಿಮ್ಮ ಬೆನ್ನು ಅದಕ್ಕೆ ತಗುಲಿಯೇ ಇಲ್ಲ! ನಡುವೆ ಒಂದು ಗೇಣು ಜಾಗ ಇದೆ. ಹಿಮ್ಮಡಿ ನೆಲದಿಂದ ಮೇಲೆ ಎದ್ದಿದೆ, ಕಾಲ್ಬೆರಳ ತುದಿ ಮಾತ್ರ ನೆಲಕ್ಕೆ ತಾಗಿದೆ. ಮೇಜು ಎತ್ತರ. ಅದಕ್ಕೆ ಸಮ ಬರಲಿ ಅಂತ ಕುರ್ಚಿ ಏರಿಸಿದ್ದೀರಿ. ಕಾಲು ತೇಲಿದ ಮೇಲೆ ಮೈ ಮುಂದಕ್ಕೆ ಜಾರುತ್ತದೆ. ಲ್ಯಾಪ್‌ಟಾಪ್ ಕೆಳಗಿದೆ, ತಲೆ ಅದನ್ನು ಹುಡುಕಿಕೊಂಡು ಹೋಗಿದೆ.

ದೊಡ್ಡವರ ತಲೆ ಸುಮಾರು 4.5ರಿಂದ 5.5 ಕಿಲೋ ತೂಗುತ್ತದೆ. ಅದನ್ನು 60 ಡಿಗ್ರಿ ಬಗ್ಗಿಸಿದರೆ ಕುತ್ತಿಗೆಯ ಮೇಲೆ ಬೀಳುವ ಭಾರ ಸುಮಾರು 27 ಕಿಲೋಗೆ ಸಮ ಅಂತ 2014ರಲ್ಲಿ ಅಮೆರಿಕದ ಬೆನ್ನುಮೂಳೆ ಸರ್ಜನ್ ಒಬ್ಬರು ಲೆಕ್ಕ ಹಾಕಿದ್ದರು. ಅದು ಕಂಪ್ಯೂಟರ್ ಮಾದರಿಯ ಲೆಕ್ಕ. ಎಲ್ಲರ ಕುತ್ತಿಗೆಗೂ ತಕ್ಕಡಿ ಕಟ್ಟಿ ತೂಗಿದ್ದಲ್ಲ. ಆದರೆ ದಿಕ್ಕು ಸರಿ.

ಲ್ಯಾಪ್‌ಟಾಪಿನ ಹುಟ್ಟುಗುಣವೇ ಇದು. ಪರದೆ, ಕೀಬೋರ್ಡ್ ಎರಡೂ ಅಂಟಿಕೊಂಡಿರುತ್ತವೆ. ಕೈಗೆ ಸರಿಯಾಗಿ ಇಟ್ಟರೆ ಕುತ್ತಿಗೆ ಕೆಡುತ್ತದೆ, ಕುತ್ತಿಗೆಗೆ ಸರಿಯಾಗಿ ಇಟ್ಟರೆ ಕೈ ಕೆಡುತ್ತದೆ. ಅದಕ್ಕೆ ಎರಡನ್ನೂ ಬೇರೆ ಮಾಡಬೇಕು. ಲ್ಯಾಪ್‌ಟಾಪ್ ಕೆಳಗೆ ದಪ್ಪ ಪುಸ್ತಕ ಇಡಿ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವವರೆಗೂ. ದೂರ ಒಂದು ತೋಳಿನಷ್ಟು. ಬೇರೆ ಕೀಬೋರ್ಡ್, ಬೇರೆ ಮೌಸ್ ಇಟ್ಟುಕೊಳ್ಳಿ. ಮೊಣಕೈ ಪಕ್ಕೆಗೆ ಹತ್ತಿರ ಇರಲಿ. ಕಾಲಿನ ಕೆಳಗೆ ಒಂದು ಗಟ್ಟಿ ಪೆಟ್ಟಿಗೆ ಇಡಿ, ಹಿಮ್ಮಡಿ ಪೂರ್ತಿ ಊರಬೇಕು. ಇಷ್ಟಾದರೆ ಬೆನ್ನು ತಾನೇ ಕುರ್ಚಿಗೆ ಒರಗುತ್ತದೆ. ದೂರಕ್ಕೂ ಹತ್ತಿರಕ್ಕೂ ಒಂದೇ ಕನ್ನಡಕ ಹಾಕುವವರು ಮಾತ್ರ ಪರದೆಯನ್ನು ಸ್ವಲ್ಪ ಕೆಳಗೇ ಇಡಿ. ಇಲ್ಲದಿದ್ದರೆ ಕನ್ನಡಕದ ಕೆಳಭಾಗದಿಂದ ಓದಲು ಗದ್ದ ಎತ್ತಿ ಎತ್ತಿ ಬೇರೆ ನೋವು ಶುರುವಾಗುತ್ತದೆ.

ಇನ್ನು ಜೋಮು. ಯಾವ ಬೆರಳು ಅಂತ ನೀವು ಬರೆದಿಲ್ಲ, ನನಗೆ ಬೇಕಾದದ್ದೇ ಅದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಆದರೆ ಮಣಿಕಟ್ಟಿನಲ್ಲಿ ನರ ಒತ್ತುತ್ತಿರಬಹುದು. ಲ್ಯಾಪ್‌ಟಾಪಿನ ಅಂಚಿಗೆ ಮಣಿಕಟ್ಟು ಊರಿ ಟೈಪ್ ಮಾಡುತ್ತೀರಾ ನೋಡಿಕೊಳ್ಳಿ. ಕಿರುಬೆರಳು ಮತ್ತು ಅದರ ಪಕ್ಕದ್ದಾದರೆ ಮೊಣಕೈ ಕಡೆ ನೋಡಬೇಕು. ಮೊಣಕೈಯನ್ನು ಮೇಜಿನ ಮೇಲೆ ಊರಿ, ಮಡಚಿ, ಗಂಟೆಗಟ್ಟಲೆ ಫೋನ್ ಹಿಡಿಯುವವರಲ್ಲಿ ಇದನ್ನು ಬಹಳ ನೋಡಿದ್ದೇನೆ. ಎರಡೂ ಅಲ್ಲದೆ ಕುತ್ತಿಗೆಯಿಂದಲೂ ಬರಬಹುದು. ಮೂರು ತಿಂಗಳಾಗಿದೆ ಅಂದಿದ್ದೀರಿ, ಇನ್ನು ಕಾಯಬೇಡಿ, ವೈದ್ಯರಿಗೆ ತೋರಿಸಿ. ಕೈಯಿಂದ ವಸ್ತು ಜಾರಿ ಬೀಳುವುದು, ಗುಂಡಿ ಹಾಕಲು ಕಷ್ಟ ಆಗುವುದು, ನೋವು ತೋಳಿನ ಉದ್ದಕ್ಕೂ ಇಳಿಯುವುದು ಇದ್ದರೆ ಈ ವಾರವೇ ಹೋಗಿ.

ಇವೆಲ್ಲ ಸರಿ ಮಾಡಿಕೊಂಡು ಮೂರು ಗಂಟೆ ಅಲ್ಲಾಡದೆ ಕೂತರೆ ಮತ್ತೆ ನೋಯುತ್ತದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಅರ್ಧ ಗಂಟೆಗೊಮ್ಮೆ ಎದ್ದು ನಿಂತರೂ ಸಾಕು. ಕಣ್ಣಿಗೂ ಅದೇ: ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ಆಚೆ, ಇಪ್ಪತ್ತು ಸೆಕೆಂಡ್ ನೋಡಿ.

ಪ್ರಶ್ನೆ: ಮಂಚದ ಮೇಲೆ ಕೂತು ಕೆಲಸ ಮಾಡಬಹುದಾ?

ಉತ್ತರ: ಅರ್ಧ ಗಂಟೆ, ಬೆನ್ನಿಗೆ ಗೋಡೆ, ತೊಡೆ ಮೇಲೆ ದಿಂಬು. ಅದಕ್ಕಿಂತ ಜಾಸ್ತಿ ಬೇಡ. ಬೆನ್ನಿಗಿಂತ ನಿದ್ದೆಗೆ ಹೆಚ್ಚು ಹಾನಿ. ಮಲಗುವ ಜಾಗದಲ್ಲೇ ದಿನವಿಡೀ ಕೆಲಸ ಮಾಡಿದರೆ, ರಾತ್ರಿ ಅಲ್ಲಿ ತಲೆ ಇಟ್ಟಾಗಲೂ ಮನಸ್ಸು ಕೆಲಸಕ್ಕೇ ಹೋಗುತ್ತದೆ.

ಪ್ರಶ್ನೆ: ದಿನಾ ಸಂಜೆ ಒಂದು ಗಂಟೆ ಜೋರಾಗಿ ನಡೆಯುತ್ತೇನೆ. ಹಗಲೆಲ್ಲ ಕೂತಿದ್ದರೂ ಪರವಾಗಿಲ್ಲ ಅಲ್ವಾ?

ಉತ್ತರ: ಬಹುಪಾಲು ಪರವಾಗಿಲ್ಲ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ನೀವು ಅದನ್ನು ದಾಟಿದ್ದೀರಿ. 2016ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿದ ಅಧ್ಯಯನವೊಂದರಲ್ಲಿ, ದಿನಕ್ಕೆ 60ರಿಂದ 75 ನಿಮಿಷ ಇಂಥ ಚಟುವಟಿಕೆ ಇದ್ದವರಲ್ಲಿ, ಹೆಚ್ಚು ಹೊತ್ತು ಕೂರುವುದರಿಂದ ಬರುವ ಅಕಾಲ ಮರಣದ ಅಪಾಯ ಇಲ್ಲದಂತಾಗಿತ್ತು. ಆದರೆ ಅದು ಆಯುಸ್ಸಿನ ಲೆಕ್ಕ. ಮಧ್ಯಾಹ್ನ ನಾಲ್ಕಕ್ಕೆ ಹಿಡಿದುಕೊಳ್ಳುವ ಭುಜಕ್ಕೆ ಸಂಜೆ ಏಳರ ನಡಿಗೆ ಗೊತ್ತಿಲ್ಲ. ನಡುನಡುವೆ ಏಳಿ. ವಾರಕ್ಕೆ ಎರಡು ದಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವನ್ನೂ ಸೇರಿಸಿಕೊಳ್ಳಿ.

ಪ್ರಶ್ನೆ: ನನ್ನ ತಂಡದಲ್ಲಿ ಹನ್ನೊಂದು ಜನ. ಅವರಲ್ಲಿ ಒಬ್ಬರು ಮೊದಲು ಮಾತುಗಾರ, ನಗಿಸುವವರು. ಈಗ ಮೂರು ವಾರದಿಂದ ಕ್ಯಾಮೆರಾ ಬಂದ್. "ಸರಿ", "ಆಯಿತು" ಬಿಟ್ಟರೆ ಬೇರೆ ಮಾತಿಲ್ಲ. ಕೆಲಸ ತಡವಾಗುತ್ತಿದೆ. ಕೇಳಿದರೆ ತಲೆಹಾಕಿದಂತೆ ಆಗುತ್ತದಾ, ಕೇಳದಿದ್ದರೆ ತಪ್ಪಾಗುತ್ತದಾ ಗೊತ್ತಾಗುತ್ತಿಲ್ಲ.
(ಟೀಮ್ ಲೀಡ್)

ಉತ್ತರ: ಕೇಳಿ. ಆದರೆ "ಎಲ್ಲ ಸರಿನಾ?" ಅಂತ ಕೇಳಬೇಡಿ.

ನನ್ನದೇ ವಿಭಾಗದಲ್ಲಿ ಒಬ್ಬರಿದ್ದರು. ಪ್ರತಿ ಸೋಮವಾರ ಮೀಟಿಂಗ್ ಮುಗಿಯುವಾಗ ನಾನು "ಎಲ್ಲ ಸರಿನಾ?" ಅನ್ನುತ್ತಿದ್ದೆ. ಅವರು "ಹೂಂ, ಸರಿ" ಅನ್ನುತ್ತಿದ್ದರು. ಹೀಗೆ ಮೂರು ತಿಂಗಳು. ಆಮೇಲೆ ರಾಜೀನಾಮೆ ಬಂತು. ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳುತ್ತಾ, ರಾತ್ರಿ ಎರಡರವರೆಗೆ ಕೂತು ನಮ್ಮ ಕೆಲಸ ಮುಗಿಸುತ್ತಿದ್ದರಂತೆ. ನಾನು ಕೇಳಿದ್ದೆನಲ್ಲ ಅಂದುಕೊಂಡೆ. ಎಲ್ಲರ ಎದುರು, ಹೊರಡುವ ಗಡಿಬಿಡಿಯಲ್ಲಿ ಕೇಳಿದ ಆ ಪ್ರಶ್ನೆಗೆ ಬೇರೆ ಉತ್ತರ ಕೊಡಲು ಜಾಗವಾದರೂ ಎಲ್ಲಿತ್ತು?

ನೀವು ಒಬ್ಬರೇ ಇದ್ದಾಗ ಫೋನ್ ಮಾಡಿ. ವಿಡಿಯೊ ಬೇಡ. ಮುಖ ಕಾಣದಿದ್ದರೆ ಕೆಲವರಿಗೆ ಮಾತು ಸುಲಭ. ಇಬ್ಬರೂ ನಡೆಯುತ್ತಾ ಮಾತಾಡಿದರೆ ಇನ್ನೂ ಒಳ್ಳೆಯದು. ನೀವು ಕಂಡದ್ದನ್ನು ಮಾತ್ರ ಹೇಳಿ, ರೋಗದ ಹೆಸರು ಹಿಡಿಯಬೇಡಿ. ಹೀಗೆ ಹೇಳಬಹುದು: "ಹೋದ ತಿಂಗಳವರೆಗೆ ಮೀಟಿಂಗ್‌ನಲ್ಲಿ ನಿಮ್ಮದೇ ದನಿ ಜಾಸ್ತಿ ಕೇಳ್ತಿತ್ತು. ಈಗ ಮೂರು ವಾರದಿಂದ ಕೇಳ್ತಿಲ್ಲ. ಕೆಲಸದ ಲೆಕ್ಕ ಕೇಳೋಕೆ ಫೋನ್ ಮಾಡಿಲ್ಲ. ಹೇಗಿದ್ದೀರಿ ಅಂತ ಕೇಳೋಣ ಅನ್ನಿಸ್ತು." ಆಮೇಲೆ ಬಾಯಿ ಮುಚ್ಚಿಕೊಳ್ಳಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಆ ಮೌನ ತುಂಬಲು ನಮಗೆ ನಾಲಿಗೆ ತುರಿಸುತ್ತದೆ, ತುಂಬಬೇಡಿ. ಅವರು "ಏನಿಲ್ಲ" ಅಂದರೆ ಒತ್ತಾಯ ಬೇಡ. "ಸರಿ, ಮುಂದಿನ ಗುರುವಾರ ಮತ್ತೆ ಮಾಡ್ತೀನಿ" ಅಂದು, ಗುರುವಾರ ಮಾಡಿ. ಬಹಳ ಜನ ಬಾಯಿ ಬಿಡುವುದು ಎರಡನೇ ಫೋನ್‌ಗೆ.

ಹೇಳಿಕೊಂಡರೆ, "ಏನಾದರೂ ಬೇಕಿದ್ದರೆ ಹೇಳಿ" ಅಂತ ಕೈತೊಳೆದುಕೊಳ್ಳಬೇಡಿ. ಸುಸ್ತಾದವರಿಗೆ ಏನು ಬೇಕು ಅಂತ ಪಟ್ಟಿ ಮಾಡುವುದೇ ಇನ್ನೊಂದು ಕೆಲಸ. ನೀವೇ ಎರಡು ದಾರಿ ಮುಂದಿಡಿ: "ಈ ವರದಿಯನ್ನು ಎರಡು ವಾರ ಬೇರೆಯವರಿಗೆ ಕೊಡಲಾ, ಅಥವಾ ಬೆಳಗಿನ ಮೀಟಿಂಗ್‌ನಿಂದ ನಿಮ್ಮನ್ನು ಬಿಡಿಸಲಾ?" ಅವರು ಹೇಳಿದ್ದು ನಿಮ್ಮಲ್ಲೇ ಇರಲಿ. ತಂಡಕ್ಕೆ ಏನು ಹೇಳಬೇಕು ಅಂತಲೂ ಅವರನ್ನೇ ಕೇಳಿ.

ಎರಡು ವಾರ ದಾಟಿಯೂ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ರುಚಿ ಇಲ್ಲದಿದ್ದರೆ, ನಿದ್ದೆ, ಹಸಿವು ಕೆಟ್ಟಿದ್ದರೆ ವೈದ್ಯರ ಬಳಿ ಹೋಗುವಂತೆ ಹೇಳಿ. ಅದಕ್ಕೆ ಕೆಲಸದ ಹೊತ್ತಿನಲ್ಲೇ ರಜೆ ಕೊಡಿ. ಬದುಕಿ ಏನು ಪ್ರಯೋಜನ ಅನ್ನುವಂಥ ಮಾತು ಬಂದರೆ, "ಸಾಯುವ ಯೋಚನೆ ಬರುತ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತೆ ಆಗುತ್ತದೆ ಅನ್ನುವುದು ತಪ್ಪು ಭಯ. ಹೌದು ಅಂದರೆ ಫೋನ್ ಇಡಬೇಡಿ. ಇನ್ನೊಂದು ಫೋನಿನಿಂದ ಮನೆಯವರನ್ನು, ತುರ್ತು ಸಹಾಯದವರನ್ನು ಕರೆಯಿಸಿ. ದೂರದಲ್ಲಿ ಕೂತು ಕೆಲಸ ಮಾಡುವವರ ವಿಳಾಸ, ಮನೆಯವರ ಒಬ್ಬರ ನಂಬರ್ ನಿಮ್ಮಲ್ಲಿದೆಯಾ? ಇವತ್ತೇ ನೋಡಿ. ನನ್ನ ಬಳಿ ಒಂದು ಕಾಲಕ್ಕೆ ಇರಲಿಲ್ಲ.

ಪ್ರಶ್ನೆ: ಎಲ್ಲ ಮೀಟಿಂಗ್‌ಗೂ ಕ್ಯಾಮೆರಾ ಕಡ್ಡಾಯ ಮಾಡಿದ್ದಾರೆ. ಸಂಜೆಯ ಹೊತ್ತಿಗೆ ತಲೆ ಸಿಡಿಯುತ್ತದೆ. ನನ್ನ ಭ್ರಮೆಯಾ?

ಉತ್ತರ: ಭ್ರಮೆ ಅಲ್ಲ. ವಿಡಿಯೊ ಕರೆ ಯಾಕೆ ದಣಿಸುತ್ತದೆ ಅಂತ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ನಾಲ್ಕು ಕಾರಣ ಕೊಟ್ಟರು. ಎಲ್ಲರೂ ಹತ್ತಿರದಿಂದ ನಮ್ಮನ್ನೇ ದಿಟ್ಟಿಸುವಂತೆ ಕಾಣುವುದು, ದಿನವಿಡೀ ನಮ್ಮ ಮುಖ ನಮಗೇ ಕಾಣುವುದು, ಜಾಗ ಬಿಟ್ಟು ಅಲ್ಲಾಡಲಾಗದ್ದು, ಮುಖಭಾವ ಓದಲು ಹೆಚ್ಚು ಕಷ್ಟ ಪಡಬೇಕಾದದ್ದು. ಎರಡನೆಯದಕ್ಕೆ ಮದ್ದು ನಿಮ್ಮ ಕೈಯಲ್ಲೇ ಇದೆ. ನಿಮ್ಮ ಚಿತ್ರ ನಿಮಗೆ ಕಾಣದಂತೆ ಮರೆಮಾಡುವ ಆಯ್ಕೆ ಹುಡುಕಿ. ಉಳಿದದ್ದಕ್ಕೆ ಮ್ಯಾನೇಜರ್ ಹತ್ತಿರ ಹೀಗೆ ಕೇಳಿ: ಮೊದಲ ಐದು ನಿಮಿಷ ಕ್ಯಾಮೆರಾ, ಆಮೇಲೆ ಮಾತಾಡುವವರದ್ದು ಮಾತ್ರ ಸಾಕೇ ಅಂತ. ಕಡ್ಡಾಯ ತೆಗೆಯಿರಿ ಅನ್ನುವುದಕ್ಕಿಂತ ಇದು ಬೇಗ ಒಪ್ಪಿಗೆ ಆಗುತ್ತದೆ.

ಪ್ರಶ್ನೆ: ನನ್ನದು ಚಿಕ್ಕ ಸಂಸ್ಥೆ. ಜನ ಎದುರಿಗಿಲ್ಲ ಅಂದಮೇಲೆ ಕೆಲಸ ಮಾಡುತ್ತಿದ್ದಾರೆ ಅಂತ ನಂಬುವುದು ಹೇಗೆ? ಹತ್ತು ನಿಮಿಷಕ್ಕೊಮ್ಮೆ ಪರದೆಯ ಚಿತ್ರ ತೆಗೆಯುವ ಸಾಫ್ಟ್‌ವೇರ್ ಹಾಕಿಸಿದೆ. ಅದರಿಂದ ಒತ್ತಡ ಆಗುತ್ತದೆ ಅಂತ ಈಗ ಗೊಣಗುತ್ತಿದ್ದಾರೆ. ಪ್ರಾಮಾಣಿಕವಾಗಿ ದುಡಿಯುವವರಿಗೆ ಯಾಕೆ ಒತ್ತಡ?
(ಮಾಲೀಕರು)

ಉತ್ತರ: ಸರ್, ನಿಮ್ಮ ಹಣದ ಚಿಂತೆ ನನಗೆ ಅರ್ಥವಾಗುತ್ತದೆ. ಆದರೆ ಉತ್ತರ ನಿಮಗೆ ಹಿಡಿಸಲಿಕ್ಕಿಲ್ಲ.

ಹೆಸರಿನ ಪಕ್ಕ ಒಂದು ಹಸಿರು ಚುಕ್ಕೆ ಇರುತ್ತದಲ್ಲ, ಆನ್‌ಲೈನ್ ಇದ್ದಾರೆ ಅಂತ ತೋರಿಸುವುದು. ಸ್ವಲ್ಪ ಹೊತ್ತು ಮೌಸ್ ಮುಟ್ಟದಿದ್ದರೆ ಅದು ಹಳದಿಯಾಗುತ್ತದೆ. ನನ್ನ ಬಳಿ ಸೊಂಟನೋವಿಗೆ ಬಂದ ಒಬ್ಬರಿಗೆ ಅರ್ಧ ಗಂಟೆಗೊಮ್ಮೆ ಎದ್ದು ನಡೆಯಿರಿ ಅಂದೆ. "ಆಗಲ್ಲ ಮೇಡಂ, ಹಳದಿ ಆಗುತ್ತೆ" ಅಂದರು. ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದರು, ಪದೇ ಪದೇ ಏಳಬೇಕಾಗುತ್ತದಲ್ಲ ಅಂತ. ಅವರಷ್ಟು ಪ್ರಾಮಾಣಿಕರು ಸಿಗುವುದು ಕಷ್ಟ. ನಿಮ್ಮ ಸಾಫ್ಟ್‌ವೇರ್ ಕಾಡುವುದು ಅಂಥವರನ್ನೇ. ಕಳ್ಳಾಟ ಆಡುವವರಿಗೆ ಮೌಸ್ ತಾನೇ ಅಲ್ಲಾಡಿಸುವ ಸಾಧನ ಸುಲಭವಾಗಿ ಸಿಗುತ್ತದೆ.

ವಾರಕ್ಕೆ ಏನು ಮುಗಿಯಬೇಕು ಅಂತ ಸೋಮವಾರ ಒಟ್ಟಿಗೆ ಕೂತು ಬರೆದುಕೊಳ್ಳಿ. ಶುಕ್ರವಾರ ಮುಗಿದಿದೆಯಾ ನೋಡಿ. ನಡುವೆ ಯಾರು ಎಷ್ಟು ಹೊತ್ತಿಗೆ ಎದ್ದರು, ಕೂತರು ಅನ್ನುವುದು ನಿಮಗೆ ಬೇಡ. ಹಾಗೆ ಬರೆದುಕೊಳ್ಳಲು ಆಗುತ್ತಿಲ್ಲ ಅಂದರೆ, ಕೆಲಸ ಏನು ಅಂತ ನೀವೇ ಸ್ಪಷ್ಟವಾಗಿ ಹೇಳಿಲ್ಲ ಅಂತಾಯಿತು. ಇನ್ನೊಂದು ಮಾತು. 2022ರಲ್ಲಿ ನೆದರ್ಲೆಂಡ್ಸ್‌ನಲ್ಲಿ, ದಿನವಿಡೀ ಕ್ಯಾಮೆರಾ ಹಾಕಿಡಲು ಒಪ್ಪದ ಉದ್ಯೋಗಿಯನ್ನು ಒಂದು ಕಂಪನಿ ಕೆಲಸದಿಂದ ತೆಗೆಯಿತು. ಹಾಗೆ ತೆಗೆದದ್ದು ತಪ್ಪು, ಖಾಸಗಿ ಬದುಕಿಗೆ ಧಕ್ಕೆ ಅಂತ ನ್ಯಾಯಾಲಯ ಹೇಳಿತು. ನಿಮ್ಮಲ್ಲಿ ಕಾನೂನು ಏನಿದೆ ವಕೀಲರನ್ನು ಕೇಳಿ. ಸಾಫ್ಟ್‌ವೇರ್ ಚಂದಾ ಮುಂದುವರಿಸುವ ಮೊದಲೇ ಕೇಳಿ.

ಪ್ರಶ್ನೆ: ಮನೆಯಲ್ಲಿದ್ದೀಯಲ್ಲ ಅಂತ ಎಲ್ಲದಕ್ಕೂ ನನ್ನನ್ನೇ ಕರೆಯುತ್ತಾರೆ. ಬಾಗಿಲು ಬಡಿದರೆ ನಾನು, ಮಗು ಅತ್ತರೆ ನಾನು, ಅತ್ತೆಯ ಮಾತ್ರೆ ನಾನು. ಆಫೀಸಿನವರು ಮನೆಯಲ್ಲಿ ಆರಾಮಾಗಿದ್ದೀರಿ ಅನ್ನುತ್ತಾರೆ. ಮನೆಯವರು ಕೂತೇ ಇದ್ದೀಯಲ್ಲ ಅನ್ನುತ್ತಾರೆ. ನನಗೆ ಆಗಿರುವುದು ಬರ್ನ್‌ಔಟಾ, ಸೋಮಾರಿತನವಾ?
(ಹೆಸರು ಬೇಡ)

ಉತ್ತರ: ಸೋಮಾರಿಗಳು ಈ ಪ್ರಶ್ನೆ ಕೇಳುವುದಿಲ್ಲಮ್ಮ.

ಬರ್ನ್‌ಔಟ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆ ಅಂತ ಕರೆಯುವುದಿಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ಅದರ ರೋಗಗಳ ಪಟ್ಟಿಯಲ್ಲಿ ಇದನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ ಇಟ್ಟಿದ್ದಾರೆ. ಮೂರು ಗುರುತು: ಬತ್ತಿಹೋದಷ್ಟು ದಣಿವು, ಕೆಲಸದ ಮೇಲೆ ಬೇಸರ ಅಥವಾ ಕಹಿ, ಕೈಲಾಗುತ್ತಿಲ್ಲ ಅನ್ನುವ ಭಾವ. ಕಾರಣ, ತುಂಬಾ ದಿನದಿಂದ ನಿಭಾಯಿಸಲಾಗದೆ ಉಳಿದ ಕೆಲಸದ ಒತ್ತಡ. ನಿಮ್ಮದರಲ್ಲಿ ಎರಡು ಕೆಲಸ ಸೇರಿಕೊಂಡಿವೆ. ಒಂದಕ್ಕೆ ಸಂಬಳ ಇದೆ, ಇನ್ನೊಂದಕ್ಕೆ ಹೆಸರೂ ಇಲ್ಲ.

ನಿಮ್ಮ ಮ್ಯಾನೇಜರ್‌ಗೆ ಒಂದೇ ವಿಷಯ ಕೇಳಿ: ಎಲ್ಲರೂ ಕಡ್ಡಾಯವಾಗಿ ಸಿಗಬೇಕಾದ ನಾಲ್ಕು ಗಂಟೆ ಯಾವುದು? ಉಳಿದ ಗಂಟೆಗಳನ್ನು ನನಗೆ ಅನುಕೂಲವಾದಾಗ ಮಾಡಬಹುದೇ? ಆ ನಾಲ್ಕು ಗಂಟೆಯನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಿ. ಆ ಹೊತ್ತಿನ ಬಾಗಿಲು, ಮಗು, ಮಾತ್ರೆ ಯಾರದ್ದು ಅಂತ ಅದೇ ಹಾಳೆಯಲ್ಲಿ ಹೆಸರು ಇರಲಿ. ನಿಮ್ಮ ಯಜಮಾನರ ಹೆಸರು ಪತ್ರದಲ್ಲಿ ಎಲ್ಲೂ ಬರಲಿಲ್ಲ. ಹಾಳೆಯಲ್ಲಾದರೂ ಬರಲಿ.

ಪ್ರಶ್ನೆ: ನಾನು ಒಬ್ಬನೇ ಇರುವವನು. ಮನೆಯಿಂದ ಕೆಲಸ ಬೇಕು ಅಂತ ಜಗಳ ಆಡಿ ಪಡೆದುಕೊಂಡೆ. ಈಗ ಕೆಲವು ವಾರ ಮೂರು ಮೂರು ದಿನ ಒಬ್ಬರ ಹತ್ತಿರವೂ ಬಾಯಿಬಿಟ್ಟು ಮಾತಾಡಿರುವುದಿಲ್ಲ. ವಾಪಸ್ ಹೋಗಲು ಕೇಳುವುದಕ್ಕೆ ನಾಚಿಕೆ.

ಉತ್ತರ: ನಾಚಿಕೆ ಬಿಡಿ. ಚೀನಾದ ಒಂದು ಪ್ರವಾಸ ಕಂಪನಿಯಲ್ಲಿ 2010-11ರಲ್ಲಿ ಸ್ಟ್ಯಾನ್‌ಫರ್ಡ್‌ನ ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರರು ಒಂಬತ್ತು ತಿಂಗಳ ಪ್ರಯೋಗ ಮಾಡಿದ್ದರು. ಮನೆಯಿಂದ ಕೆಲಸ ಮಾಡಿದವರ ಸಾಧನೆ ಶೇ 13ರಷ್ಟು ಹೆಚ್ಚಾಯಿತು. ಮುಗಿದ ಮೇಲೆ ಯಾವುದು ಬೇಕು ಅಂತ ಕೇಳಿದರೆ ಅವರಲ್ಲಿ ಸುಮಾರು ಅರ್ಧ ಜನ ಆಫೀಸಿಗೇ ಹೊರಟರು. ಒಂಟಿತನ ಒಂದು ದೊಡ್ಡ ಕಾರಣ. ಮನೆಯಿಂದ ಕೆಲಸ ಮಾಡುತ್ತೇವೆ ಅಂತ ಅವರೂ ತಾವಾಗಿಯೇ ಮುಂದೆ ಬಂದಿದ್ದವರು. ಮುಂದೆ ಅದೇ ಕಂಪನಿಯಲ್ಲಿ ವಾರಕ್ಕೆ ಎರಡು ದಿನ ಮಾತ್ರ ಮನೆ ಅನ್ನುವ ಪ್ರಯೋಗ ನಡೆಯಿತು. 2024ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ ಕೆಲಸ ಬಿಡುವವರು ಮೂರನೇ ಒಂದು ಭಾಗದಷ್ಟು ಕಡಿಮೆಯಾದರು, ಕೆಲಸ ಕೆಡಲಿಲ್ಲ. ನೀವೂ ಅದನ್ನೇ ಕೇಳಿ, ವಾರಕ್ಕೆ ಎರಡು ದಿನ ಮನೆ, ಉಳಿದ ದಿನ ಆಫೀಸು.

ಅಲ್ಲಿಯವರೆಗೆ ಒಂದು ಕೆಲಸ. ಟೈಪ್ ಮಾಡಿ ಕಳಿಸುವ ಪ್ರಶ್ನೆಗಳಲ್ಲಿ ದಿನಕ್ಕೆ ಒಂದನ್ನಾದರೂ ಫೋನ್ ಮಾಡಿ ಕೇಳಿ. ಮತ್ತೆ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯುವ ಮೊದಲು ಹೊರಗೆ ಹೋಗಿ ಹತ್ತು ನಿಮಿಷ ಬೆಳಕಿನಲ್ಲಿ ನಡೆದು ಬನ್ನಿ. ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಸರಿ ಇಡುತ್ತದೆ. ದಾರಿಯಲ್ಲಿ ಯಾರಾದರೂ ಸಿಕ್ಕರೆ ಅದು ಲಾಭ.

ಪ್ರಶ್ನೆ: ನನಗೆ ತಲೆ ಓಡುವುದೇ ರಾತ್ರಿ ಹನ್ನೊಂದಕ್ಕೆ. ಆಗ ತಂಡಕ್ಕೆ ಮೆಸೇಜ್ ಹಾಕುತ್ತೇನೆ. "ಉತ್ತರ ನಾಳೆ ಕೊಡಿ" ಅಂತ ಕೆಳಗೆ ಬರೆದೇ ಇರುತ್ತೇನೆ. ಅದರಲ್ಲೇನು ತಪ್ಪು?
(ಮ್ಯಾನೇಜರ್)

ಉತ್ತರ: ಫೋನ್ ಗುಂಯ್ ಅಂದ ಮೇಲಲ್ಲವೇ ಅವರು ಆ ಸಾಲು ಓದುವುದು? ರಾತ್ರಿ ಬರೆಯಿರಿ, ಬೇಡ ಅನ್ನುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ತಾನೇ ಹೋಗುವಂತೆ ಸಮಯ ಹೊಂದಿಸಿ ಇಡಿ, ಎರಡು ಒತ್ತು ಜಾಸ್ತಿ ಅಷ್ಟೇ. ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕೆಲಸದ ಹೊತ್ತಿನಾಚೆ ಸಂಪರ್ಕ ಕಡಿದುಕೊಳ್ಳುವ ಹಕ್ಕು ಕಾನೂನಿನಲ್ಲೇ ಇದೆ. ಪೋರ್ಚುಗಲ್ 2021ರಲ್ಲಿ ಹೊಣೆಯನ್ನು ಕೆಲಸ ಕೊಡುವವರ ಮೇಲೇ ಹಾಕಿತು: ತುರ್ತು ಇಲ್ಲದಿದ್ದರೆ ಬಿಡುವಿನ ಹೊತ್ತಿನಲ್ಲಿ ನೀವೇ ಸಂಪರ್ಕಿಸಬಾರದು. ನನಗೆ ಹಿಡಿಸಿದ್ದು ಪೋರ್ಚುಗಲ್‌ನ ದಾರಿ. ಫೋನ್ ಎತ್ತದೆ ಇರುವ ಧೈರ್ಯ ಹೊಸಬರಿಗೆ ಎಲ್ಲಿಂದ ಬರಬೇಕು?

ಪ್ರಶ್ನೆ: ಮನೆಯ ಕೆಲಸಕ್ಕೆ ಒಂದೇ ಒಂದು ವಸ್ತು ಕೊಡಿಸುತ್ತೇವೆ ಅಂತ ಕಂಪನಿಯವರು ಹೇಳಿದ್ದಾರೆ. ಯಾವುದು ಕೇಳಲಿ? ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತೇನೆ.

ಉತ್ತರ: ಬೇರೆ ಕೀಬೋರ್ಡ್, ಅದರ ಜೊತೆ ಬರುವ ಮೌಸ್. ಜೋಡಿಯಾಗಿ ಬಂದರೆ ಒಂದೇ ವಸ್ತು ಅಂತ ಲೆಕ್ಕ. ಲ್ಯಾಪ್‌ಟಾಪ್ ಎತ್ತರಿಸಲು ಪುಸ್ತಕ ಸಾಕು, ಕಾಲಿಗೆ ಪೆಟ್ಟಿಗೆ ಸಾಕು. ಕೀಬೋರ್ಡಿಗೆ ಮಾತ್ರ ಮನೆಯಲ್ಲಿ ಬದಲಿ ಸಿಗುವುದಿಲ್ಲ. ವೈರ್ ಇರುವುದಾದರೆ ಉದ್ದದ್ದು ಕೇಳಿ. ಗಿಡ್ಡ ವೈರ್ ಎಳೆದುಕೊಂಡು ನೀವು ಮತ್ತೆ ಪರದೆಯ ಮುಂದಕ್ಕೇ ಜರುಗುತ್ತೀರಿ.